ಆಟದೊಳಗೊಂದು ಪೊನ್ಕುಳಿ

ಕೊಂಡ ವಸ್ತು ಕೊಂಡವನದೇ ಎಂಬ ನಂಬಿಕೆ ವಯನಾಡಿನಲ್ಲಿ ಬೆಳೆದ ನನಗೂ ಇತ್ತು ಎಂದರೆ ನೀವು ನಗಬೇಕು. ಸರ್ಕಾರ ಪಟ್ಟಯ ಎಂಬ ಹಕ್ಕುಪತ್ರ ಕೊಟ್ಟ ನಮ್ಮ ಜಾಗದಲ್ಲಿ ಒಂದು ಬೀಟೆ ಮರವಿದೆ. ನೆಲ ನಮ್ಮದು, ನೆರಳು ನಮ್ಮದು, ಹಬ್ಬಿದ ಕರಿಮೆಣಸಿನ ಬಳ್ಳಿಯೂ ನಮ್ಮದು. ಮರ ಮಾತ್ರ ಸರ್ಕಾರದ್ದು. ಕಡಿಯುವಂತಿಲ್ಲ.

ಆ ಮರ ನೆನಪಾದದ್ದು ಒಂದು ವಿಡಿಯೊ ಗೇಮಿನಿಂದ. ಲಾರಿ ಓಡಿಸುವ ಆಟ. ಕಲ್ಲೂರಿನ ಭಾವನಿಗೆಂದು ಕೊಂಡದ್ದು. ಬತ್ತೇರಿಯಿಂದ ಮೈಸೂರಿಗೆ ಲಾರಿ ಓಡಿಸುತ್ತಿದ್ದ ಅವರಿಗೆ ಬೆನ್ನಿನ ಆಪರೇಷನ್ ಆದಮೇಲೆ ಡಾಕ್ಟರು ಸ್ಟಿಯರಿಂಗ್ ಬಿಡಿಸಿದರು. ಅದರ ಜೊತೆಗೆ ಅವರು ಮಾತನ್ನೂ ಬಿಟ್ಟಂತಿತ್ತು. ಆಟದಲ್ಲಿದ್ದುದು ಯಾವುದೋ ಹಿಮದ ದೇಶ. ಸ್ವಲ್ಪ ಓಡಿಸಿ ದೂರ ಸರಿಸಿದರು.

"ಒಂದು ಆನೆ ಇಲ್ಲ, ಒಂದು ದೇವ್ರಿಲ್ಲ. ಇದ್ಯಾವ ರೋಡಪ್ಪ?"

ಅವರ ಮಗಳು ಸುಮಾ ಕಂಪ್ಯೂಟರ್ ಕಲಿತವಳು. ಆಟದೊಳಗೆ ನಮ್ಮ ಮುತ್ತಂಗ ಕಾಡಿನ ರಸ್ತೆಯನ್ನೇ ಸೇರಿಸುತ್ತೇನೆ ಎಂದಳು. ಓದಿದವನ ದುರಭ್ಯಾಸ, ನಾನು ಕಂಪನಿಯ ಒಪ್ಪಂದವನ್ನು ಪೂರ್ತಿ ಓದಿದೆ. ನಾವು ಕೊಂಡದ್ದು ಆಟವನ್ನಲ್ಲ, ಆಡುವ ಅನುಮತಿಯನ್ನಂತೆ. ಬದಲಿಸಿದರೆ ಖಾತೆ ಮುಚ್ಚಬಹುದಂತೆ. ಮುಚ್ಚಿದರೆ ಭಾವನಿಗೆ ಉಳಿದಿದ್ದ ಒಂದೇ ಲಾರಿಯೂ ಹೋದ ಹಾಗೆ. ಇದೂ ಬೀಟೆ ಮರವೇ ಎಂದೆ.

"ಮಾಮ, ನಾನು ಮರ ಕಡೀತಿಲ್ಲ, ಬಳ್ಳಿ ಹಬ್ಬಿಸ್ತಿದೀನಿ ಅಷ್ಟೇ."

ಪರಿಚಯದ ವಕೀಲರನ್ನು ಕೇಳಿದೆ. ಒಪ್ಪಂದ ಮುರಿಯುವುದು ಬೇರೆ, ಕಾನೂನು ಮುರಿಯುವುದು ಬೇರೆ ಎಂದರು. ಗೆರೆ ಎಲ್ಲಿದೆ ಎಂದಾಗ ಕೆಮ್ಮಿದರು. ಮನೆಯಲ್ಲಿ ಆಡಿಕೊಳ್ಳಿ, ಪ್ರತಿ ಮಾಡಿ ಹಂಚಬೇಡಿ ಎಂದರು. ಹಾಗೇ ಮಾಡಿದೆವು. ಇಂಟರ್ನೆಟ್ ತೆಗೆದು, ಯಾರೊಡನೆಯೂ ಪಂದ್ಯಕ್ಕಿಳಿಯದೆ. ಭಾವನ ಹಳೆಯ ಜೊತೆಗಾರರೊಬ್ಬರು ತಮಗೂ ಬೇಕೆಂದಾಗ ಸುಮಾ ರಸ್ತೆಯನ್ನಷ್ಟೇ ಕೊಟ್ಟಳು; ಆಟವನ್ನು ಅವರೇ ಕೊಂಡರು.

ರಸ್ತೆ ಕಟ್ಟುವಾಗ, ಆ ದಾರಿಯಲ್ಲಿರುವ ಪೊನ್ಕುಳಿಯ ದೇವಸ್ಥಾನದೆದುರು ಏನೇನಿದೆ ಎಂದು ನಾನು ಆಣೆಯಿಟ್ಟು ಒಂದು ಹೇಳಿದೆ, ಭಾವ ಇನ್ನೊಂದು. ಸುಮಾ ಸ್ಕೂಟರಿನಲ್ಲಿ ಹೋಗಿ ಫೋಟೊ ತೆಗೆದು ತಂದಳು. ಇಬ್ಬರದೂ ತಪ್ಪು. ಅಂದಿನಿಂದ ನನ್ನ ನೆನಪುಗಳನ್ನೂ ಮಾರ್ಪಡಿಸಿದ ಆಟದಂತೆಯೇ ನೋಡುತ್ತೇನೆ.

ಕಾಡು ಹೊಗುವ ಮುನ್ನ ಲಾರಿಯವರು ಪೊನ್ಕುಳಿಯಲ್ಲಿ ನಿಲ್ಲಿಸಿ ಕಾಣಿಕೆ ಹಾಕುವುದು ರೂಢಿ. ಆಟದಲ್ಲೂ ಭಾವ ಲಾರಿ ನಿಲ್ಲಿಸಿದರು, ಪರದೆಗೆ ಕೈ ಮುಗಿದರು. ಅಷ್ಟರಲ್ಲಿ ಗಡಿಯಾರ ಓಡಿತು. ಸರಕು ತಡವಾಯಿತೆಂದು ಆಟ ಅಂಕ ಕಳೆಯಿತು.

"ಅಪ್ಪ, ಅಲ್ಲಿ ಗಡಿಯಾರ ನಿಲ್ಲೋ ಹಾಗೆ ಮಾಡ್ಲಾ?"

"ವೇಂಡ ಮೋಳೆ, ಬೇಡ ಮಗಳೆ. ದೇವ್ರಿಗೆ ನಿಂತಿದ್ದು ನಾನು. ಸರಕಿಗೆ ಕಾಯ್ತಿರೋನು ಏನು ಮಾಡಿದ್ದ? ತಡ ಅಂದ್ರೆ ತಡವೇ."

ನಾನು ಓದಿದ ಒಪ್ಪಂದದಲ್ಲಿ ಇಂಥ ಕಲಮೊಂದು ಇರಲಿಲ್ಲ.

ಅನುಮತಿಯ ಪ್ರಶ್ನೆ ನನ್ನಲ್ಲಿ ಇನ್ನೂ ಮುಗಿದಿಲ್ಲ. ಆದರೆ ಈಗ ಅಕ್ಕ ಊಟಕ್ಕೆ ಕರೆದರೆ ಭಾವ, "ತಡಿ, ಕಾಡು ದಾಟಿ ಬಂದೆ" ಎಂದು ಕೂಗುತ್ತಾರೆ. ಸಾರು ಆರುತ್ತದೆ. ಅಕ್ಕ ಮತ್ತೆ ಬಿಸಿ ಮಾಡುವುದಿಲ್ಲ. ತಡಕ್ಕೆ ದಂಡ ಅಕ್ಕನ ಅಡುಗೆಮನೆಯಲ್ಲೂ ಇದೆ, ಅದನ್ನು ಬದಲಿಸಲು ಸುಮಾಳಿಗೂ ಬರುವುದಿಲ್ಲ.