ಬೆಂಕಿಬೆಟ್ಟದ ಮೇಲೆ ಹಾಜರಿ

ಮದುವೆಯಾಗಿ ಮೂವತ್ತೊಂದು ವರ್ಷ ಕಳೆದ ಮೇಲೆ ನನ್ನ ಹೆಂಡತಿ ನನಗೊಂದು ಪರೀಕ್ಷೆ ಇಟ್ಟಳು. ಪರೀಕ್ಷಾ ಕೇಂದ್ರ ಒಂದು ಜ್ವಾಲಾಮುಖಿ.

ಕಾರಣ ಹೇಳುತ್ತೇನೆ. ನಾನು ಕುವೈತಿನ ಮೀನಾ ಅಬ್ದುಲ್ಲಾ ರಿಫೈನರಿ ಕಡೆ ಒಂದು ಗುತ್ತಿಗೆ ಕಂಪನಿಯಲ್ಲಿ ಸೇಫ್ಟಿ ಸೂಪರ್‌ವೈಸರ್. ಗ್ಯಾಸ್ ಸೋರಿದರೆ ಎಲ್ಲಿ ಓಡಬೇಕು, ಓಡಿದ ಮೇಲೆ ಎಲ್ಲಿ ನಿಲ್ಲಬೇಕು, ನಿಂತವರನ್ನು ಹೇಗೆ ಎಣಿಸಬೇಕು ಎಂದು ಹೇಳಿಕೊಡುವುದು ನನ್ನ ಕೆಲಸ. ಇಪ್ಪತ್ತೇಳು ವರ್ಷ ಅದನ್ನೇ ಮಾಡಿದ್ದೇನೆ. ಅರವತ್ತು ತುಂಬಿತಲ್ಲ, ಖಲಾಸ್, ಇನ್ನು ಊರಿಗೆ ಎಂದು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿದ್ದೆ. ಸುರತ್ಕಲ್ಲಿನಲ್ಲಿ ಒಂದು ಫ್ಲ್ಯಾಟ್ ತೆಗೆದಿಟ್ಟಿದ್ದೇವೆ. ಬೆಳಿಗ್ಗೆ ಮೀನು ಮಾರ್ಕೆಟ್ಟು, ಮಧ್ಯಾಹ್ನ ನಿದ್ದೆ, ಸಂಜೆ ಬಾಲ್ಕನಿಯಲ್ಲಿ ಅವಳೂ ನಾನೂ ಎರಡು ಕುರ್ಚಿ ಹಾಕಿಕೊಂಡು ಕೂರುವುದು. ಇಷ್ಟೇ ನನ್ನ ಆಸೆ. ಅಷ್ಟರಲ್ಲಿ ಕಂಪನಿಯಿಂದ ಕಾಗದ ಬಂತು. ಇನ್ನೆರಡು ವರ್ಷ ಇರುತ್ತೀರಾದರೆ ಇಲ್ಲಿ ವಾಸಿಸುವ ಪರವಾನಗಿ ಇಕಾಮಾ ನಾವೇ ರಿನ್ಯೂ ಮಾಡಿಸುತ್ತೇವೆ, ಒಪ್ಪಿಗೆಯಾದರೆ ಸಹಿ ಮಾಡಿ ಕೊಡಿ ಎಂದಿತ್ತು. ನಾನು ಓದಿ ನಕ್ಕು ಅವಳ ಕೈಗೆ ಕೊಟ್ಟೆ. ಅವಳು ನಗಲಿಲ್ಲ. ಅದನ್ನು ಮಡಚದೆ ಫ್ರಿಜ್ಜಿನ ಬಾಗಿಲಿಗೆ ಮ್ಯಾಗ್ನೆಟ್ ಹಾಕಿ ಸಿಕ್ಕಿಸಿದಳು.

ಮನೆಯಲ್ಲಿ ನಾವು ಮಾತಾಡುವುದು ತುಳು. ಅವಳು ಅಂದು ಹೇಳಿದ್ದನ್ನು ಕನ್ನಡ ಮಾಡಿ ಬರೆಯುತ್ತೇನೆ.

"ನೋಡಿ, ಇಷ್ಟು ವರ್ಷ ನೀವು ದಿನಕ್ಕೆ ಹತ್ತು ಗಂಟೆ ಪ್ಲಾಂಟಲ್ಲಿ ಇದ್ರಿ. ಹಾಗಾಗಿ ನಮ್ಮ ಸಂಸಾರ ನಡೆಯಿತು. ಇನ್ನು ಇಪ್ಪತ್ತನಾಲ್ಕು ಗಂಟೆ ನಿಮ್ಮೊಟ್ಟಿಗೆ ಇರ್ಲಿಕ್ಕೆ ನನ್ನಿಂದ ಆಗ್ತದಾ ಅಂತ ನನಗೇ ಗೊತ್ತಿಲ್ಲ."

ಇದೆಂಥ ಮಾತು ಎಂದು ಕೇಳಲು ಹೊರಟೆ. ಆದರೆ ಅವಳ ಬಳಿ ಸಾಕ್ಷಿ ಬೇಕಾದಷ್ಟಿತ್ತು. ಕೊರೋನಾ ಕಾಲದಲ್ಲಿ ಮಂಗಫ್‌ನ ಈ ಎರಡು ಕೋಣೆಯ ಮನೆಯಲ್ಲಿ ನಾವು ಬಾಗಿಲು ಹಾಕಿಕೊಂಡು ಕೂತಿದ್ದೆವಲ್ಲ, ಆಗ ನಾನು ದಿನಾ ಬೆಳಿಗ್ಗೆ ಏಳಕ್ಕೆ ಅಡುಗೆಮನೆಯಲ್ಲಿ ಅವಳಿಗೆ ಐದು ನಿಮಿಷದ ಸೇಫ್ಟಿ ಭಾಷಣ ಮಾಡುತ್ತಿದ್ದೆ. ದೋಸೆ ಕಾವಲಿಯ ಸುತ್ತ ನೆಲಕ್ಕೆ ಹಳದಿ ಟೇಪು ಹಚ್ಚಿದ್ದೆ. ಮೊದಲ ದಿನ ಅವಳು ನಕ್ಕಳು. ನಾಲ್ಕನೇ ದಿನ ಆ ಟೇಪನ್ನು ಕಿತ್ತು ನನ್ನ ಕಾಲಿಗೇ ಸುತ್ತಿದಳು. ಹೋದ ಸಲ ರಜೆಯಲ್ಲಿ ಊರಿಗೆ ಹೋದಾಗ, ಎಂಬತ್ತು ದಾಟಿದ ನನ್ನ ಅತ್ತೆಯನ್ನು ಬೆಂಕಿ ಬಿದ್ದರೆ ಹೇಗೆ ಇಳಿಯಬೇಕೆಂದು ಎರಡು ಸಲ ಮೆಟ್ಟಿಲು ಇಳಿಸಿದ್ದೂ ನಿಜ. ಪುಣೆಯಲ್ಲಿರುವ ಮಗಳು ಫೋನಿನಲ್ಲಿ ಇದನ್ನೆಲ್ಲ ಕೇಳಿ, "ಡ್ಯಾಡ್, ಜಸ್ಟ್ ಬಿ ನಾರ್ಮಲ್" ಎಂದಿದ್ದಳು. ಅವಳಿಗೆ ತುಳು ಅರ್ಥವಾಗುತ್ತದೆ, ಬೈಯುವುದು ಮಾತ್ರ ಇಂಗ್ಲಿಷಿನಲ್ಲಿ.

ಹಾಗಾಗಿ ಪರೀಕ್ಷೆ. ನಾಲ್ಕು ದಿನ ನಾವಿಬ್ಬರೇ ಎಲ್ಲಾದರೂ ಹೋಗುವುದು. ಅಷ್ಟು ದಿನ ಅವಳು ನನ್ನನ್ನು ಸಹಿಸಿಕೊಂಡರೆ ಕಾಗದ ಹರಿದು ಹಾಕಿ ಇಬ್ಬರೂ ಊರಿಗೆ. ಆಗದಿದ್ದರೆ ನಾನು ಸಹಿ ಮಾಡಿ ಇಲ್ಲೇ ಇರಬೇಕು, ಅವಳು ಮೊದಲು ಹೋಗುತ್ತಾಳೆ. ನಾನು ಜಾರ್ಜಿಯಾ, ಬಾಕು ಎಂದೆ. ಇಲ್ಲಿಯವರೆಲ್ಲ ಅಲ್ಲಿಗೇ ಹೋಗಿ ಹಿಮದ ಮೇಲೆ ಕೂತು ಫೋಟೋ ಹಾಕುತ್ತಾರೆ. ಅವಳಿಗೆ ಬೇಕಾದದ್ದು ಬೆಂಕಿಬೆಟ್ಟ. ಏಳನೇ ಕ್ಲಾಸಿನಲ್ಲಿ ಜ್ವಾಲಾಮುಖಿಯ ಚಿತ್ರ ಬರೆದು ಕೆಂಪು ಪೆನ್ಸಿಲ್ ಪೂರ್ತಿ ಖಾಲಿ ಮಾಡಿದ್ದಳಂತೆ, ಅಂದಿನಿಂದ ಇದ್ದ ಆಸೆಯಂತೆ. ಮೂವತ್ತೊಂದು ವರ್ಷದಲ್ಲಿ ನನಗೆ ಈ ವಿಷಯ ಗೊತ್ತೇ ಇರಲಿಲ್ಲ. ಬೆಂಕಿ ನೋಡಬೇಕಿದ್ದರೆ ನಮ್ಮ ಟೆರೇಸಿಗೆ ಹೋದರೆ ಸಾಕು, ರಿಫೈನರಿಯ ಚಿಮಣಿಯಲ್ಲಿ ಫ್ರೀಯಾಗಿ ಉರಿಯುತ್ತದೆ ಎಂದೆ. ಅವಳು ಕಾಗದದ ಕಡೆ ನೋಡಿದಳು. ನಾನು ವೀಸಾಕ್ಕೆ ಅರ್ಜಿ ಹಾಕಿದೆ.

ಇಟಲಿಯ ಕೆಳಗಿನ ಸಮುದ್ರದಲ್ಲಿರುವ ಒಂದು ಸಣ್ಣ ದ್ವೀಪ ಅದು. ಹೆಸರು ಬರೆಯುವುದಿಲ್ಲ, ಯಾರಾದರೂ ಹೋಗಿ ನನ್ನ ಬಗ್ಗೆ ವಿಚಾರಿಸಿದರೆ ಕಷ್ಟ. ದ್ವೀಪವೇ ಒಂದು ಬೆಟ್ಟ, ಬೆಟ್ಟದ ತಲೆಯಲ್ಲಿ ಬಾಯಿ, ಬಾಯಿಯಿಂದ ಸದಾ ಹೊಗೆ. ಕೆಳಗೆ ಜನ ಐಸ್‌ಕ್ರೀಮ್ ಮಾರುತ್ತಾರೆ. ಈ ಬೆಟ್ಟ ನಮ್ಮ ಪ್ಲಾಂಟಾಗಿದ್ದರೆ ನಾನು ಮೊದಲ ದಿನವೇ ಗೇಟಿಗೆ ಬೀಗ ಹಾಕಿಸುತ್ತಿದ್ದೆ.

ಮೊದಲ ಎರಡು ದಿನ ನಾನು ಚಿನ್ನದಂಥ ಮನುಷ್ಯ. ವಿಮಾನದಲ್ಲಿ ತುರ್ತು ಬಾಗಿಲುಗಳನ್ನು ಎಣಿಸಿದರೂ ಬಾಯಿಬಿಟ್ಟು ಹೇಳಲಿಲ್ಲ. ಹೋಟೆಲಿನಲ್ಲಿ ಬೆಂಕಿ ಆರಿಸುವ ಸಿಲಿಂಡರಿನ ತಾರೀಕು ನೋಡಿದ್ದು ಅವಳು ಸ್ನಾನಕ್ಕೆ ಹೋದಾಗ. ಒಂದೇ ಒಂದು ತಪ್ಪಾಯಿತು. ಪ್ರವಾಸಕ್ಕೆಂದು ನಾನು ಗುಟ್ಟಾಗಿ ತಯಾರಿಸಿದ್ದ ನಾಲ್ಕು ಪುಟದ ಅಪಾಯದ ಪಟ್ಟಿ ಅವಳ ಕೈಗೆ ಸಿಕ್ಕಿತು. ಅದರಲ್ಲಿ ಹನ್ನೆರಡನೇ ಸಾಲಿನಲ್ಲಿ 'ಸಂಗಾತಿಯ ಚಪ್ಪಲಿ' ಎಂದಿತ್ತು. ಅವಳು ಪೂರ್ತಿ ಓದಿ, ಆ ಕಾಗದದಲ್ಲೇ ಚಕ್ಕುಲಿ ಕಟ್ಟಿ ಬ್ಯಾಗಿಗೆ ಹಾಕಿಕೊಂಡಳು. ಬೈಯಲಿಲ್ಲ. ಬೈಯದಿದ್ದರೆ ಮಾರ್ಕು ಕಡಿಮೆಯಾಯಿತೆಂದು ಅರ್ಥ.

ಮೂರನೇ ದಿನ ಬೆಳಿಗ್ಗೆ ಬೆಟ್ಟ ಹತ್ತಿದೆವು. ನಾವಿಬ್ಬರು ಸೇರಿ ಹದಿನಾಲ್ಕು ಪ್ರವಾಸಿಗರು, ಮುಂದೆ ದಾರಿ ತೋರಿಸಲು ಒಬ್ಬಳು ಗೈಡ್. ಮೇಲೆ ಹೋದಂತೆ ಕೊಳೆತ ಮೊಟ್ಟೆಯ ವಾಸನೆ. ಉಳಿದವರು ಮೂಗು ಹಿಡಿದು ನಗುತ್ತಿದ್ದರು. ಅದು ನನಗೆ ಬರಿಯ ವಾಸನೆಯಲ್ಲ, ಪರಿಚಯದ ಶತ್ರು. ನಮ್ಮ ಪ್ಲಾಂಟಿನಲ್ಲಿ ಅಂಥ ಗ್ಯಾಸಿಗೆ ಎದೆಯ ಮೇಲೊಂದು ಮೀಟರು ಸಿಕ್ಕಿಸಿಕೊಂಡಿರುತ್ತೇವೆ. ಆ ಮೀಟರು ಕಂಪನಿಯದ್ದು, ತಂದಿರಲಿಲ್ಲ. ಇದ್ದದ್ದು ನನ್ನ ಮೂಗೊಂದೇ.

ಇಪ್ಪತ್ತೇಳು ವರ್ಷ ನಾನು ಹೊಸ ಕೆಲಸಗಾರರಿಗೆ ಹೇಳಿಕೊಟ್ಟ ಮೊದಲ ಪಾಠ ಇದು: ವಾಸನೆ ನಿಂತಿತೆಂದು ಖುಷಿಪಡಬೇಡಿ. ಗ್ಯಾಸು ಹೆಚ್ಚಾದರೆ ಮೂಗು ಸಾಯುತ್ತದೆ, ಆಮೇಲೆ ವಾಸನೆ ಬರುವುದಿಲ್ಲ, ಆಮೇಲೆ ಮನುಷ್ಯನೂ ಉಳಿಯುವುದಿಲ್ಲ. ಬೆಟ್ಟದ ಬಾಯಿಯ ಅಂಚಿಗೆ ತಲುಪಿ, ಹಳದಿ ಗಂಧಕದ ಬಿರುಕುಗಳಿಂದ ಹೊಗೆ ಏಳುವುದನ್ನು ಎಲ್ಲರೂ ಫೋಟೋ ತೆಗೆಯುತ್ತಿದ್ದಾಗ, ಆ ವಾಸನೆ ಫಕ್ಕನೆ ನಿಂತಿತು.

ಎಲ್ಲರೂ ಆಹಾ ಎಂದು ಉಸಿರೆಳೆದುಕೊಂಡರು. ನಾನು ಉಸಿರು ಬಿಗಿಹಿಡಿದೆ.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಡ್ಯೂಟಿಯ ಗುಣ ಅದಕ್ಕಿಂತ ಗಟ್ಟಿ. ಒಬ್ಬಾಕೆಯ ಕೊರಳಿನ ಕೆಂಪು ಶಾಲು ಯಾವ ಕಡೆ ಹಾರುತ್ತಿದೆಯೆಂದು ನೋಡಿ ಗಾಳಿಯ ದಿಕ್ಕು ಹಿಡಿದೆ. ಎರಡು ಕೈ ಮೇಲೆತ್ತಿದೆ. ನನ್ನ ಬಾಯಿಂದ ಬಂದದ್ದು ಇಂಗ್ಲಿಷೂ ಅಲ್ಲ, ತುಳುವೂ ಅಲ್ಲ, ನಡೀರಿ ಎನ್ನುವ ಅರಬ್ಬಿ. "ಯಲ್ಲಾ, ಯಲ್ಲಾ, ಯಲ್ಲಾ" ಎನ್ನುತ್ತಾ ಗಾಳಿಗೆ ಅಡ್ಡವಾಗಿ ಓಡಿದೆ. ಬೇರೆ ದೇಶದವರಿಗೆ ಏನು ಅರ್ಥವಾಯಿತೋ, ಹಿಂದೆ ದಬದಬ ಕಾಲಿನ ಸದ್ದು ಕೇಳಿತು. ಗಟ್ಟಿ ದನಿಯಲ್ಲಿ ಹೇಳಿದರೆ ಮನುಷ್ಯ ಎಲ್ಲಿಗೆ ಬೇಕಾದರೂ ಓಡುತ್ತಾನೆ. ಮುಳ್ಳುಪೊದೆಯ ನಡುವೆ ಸ್ವಲ್ಪ ಸಮ ಜಾಗ ಸಿಕ್ಕಿತು. ಎಲ್ಲರನ್ನೂ ಇಬ್ಬಿಬ್ಬರ ಸಾಲಿನಲ್ಲಿ ಕೂರಿಸಿದೆ. ತನ್ನ ಮಂದೆ ಎಲ್ಲಿ ಹೋಯಿತೆಂದು ಗಾಬರಿಯಾಗಿ ಓಡಿ ಬಂದ ಗೈಡ್ ಹುಡುಗಿಯನ್ನೂ ಕೊನೆಯ ಸಾಲಿನಲ್ಲಿ ಕೂರಿಸಿ ಎಣಿಸಲು ಶುರುಮಾಡಿದೆ.

ಅವಳನ್ನೂ ನನ್ನನ್ನೂ ಸೇರಿಸಿ ಹದಿನೈದಾಗಬೇಕಿತ್ತು. ಹದಿನಾಲ್ಕಾಯಿತು. ಇನ್ನೊಮ್ಮೆ ಎಣಿಸಿದೆ, ಆಗಲೂ ಹದಿನಾಲ್ಕು. ಆಮೇಲೆ ಮುಖ ನೋಡುತ್ತಾ ಹೋದೆ. ಹೆಂಡತಿ ಇರಲಿಲ್ಲ. ಅವಳು ನನ್ನ ಹಿಂದೆಯೇ ಇದ್ದಾಳೆ ಎಂದುಕೊಂಡು ಓಡುವುದು ನನಗೆ ಮೂವತ್ತೊಂದು ವರ್ಷದ ಅಭ್ಯಾಸ, ತಿರುಗಿ ನೋಡಿಯೇ ಇರಲಿಲ್ಲ.

ನನ್ನ ಎರಡನೇ ಪಾಠ, ಒಮ್ಮೆ ಹೊರಗೆ ಬಂದವನು ಯಾರನ್ನೂ ಹುಡುಕಿಕೊಂಡು ವಾಪಸು ಹೋಗಬಾರದು. ಹಾಗೆ ಹೋದವನೇ ಎರಡನೇ ಹೆಣ. ಈ ಮಾತನ್ನು ಸಾವಿರ ಜನಕ್ಕೆ ಹೇಳಿರಬಹುದು. ಅದೊಂದೂ ನೆನಪಾಗಲಿಲ್ಲ. ಕರ್ಚೀಫಿಗೆ ಬಾಟಲಿಯ ನೀರು ಸುರಿದು ಮೂಗಿಗೆ ಒತ್ತಿಕೊಂಡು ಬೆಟ್ಟದ ಮೇಲಕ್ಕೆ ಓಡಿದೆ. ಮಂಡಿ ಕಿರುಗುಟ್ಟಿತು, ಒಂದು ಶೂ ಬೂದಿಯಲ್ಲಿ ಹೂತು ಅಲ್ಲೇ ಉಳಿಯಿತು. ಊರಿನ ದೈವಗಳನ್ನೆಲ್ಲ ಕರೆದೆ. ಇಷ್ಟು ದೂರಕ್ಕೆ ಅವುಗಳಿಗೆ ವೀಸಾ ಸಿಕ್ಕುತ್ತದೋ ಇಲ್ಲವೋ ಎಂದು ಯೋಚಿಸಲೂ ಪುರುಸೊತ್ತಿರಲಿಲ್ಲ.

ಅವಳು ಒಂದು ಬಂಡೆಯ ಮೇಲೆ ಕೂತು ಚಕ್ಕುಲಿ ತಿನ್ನುತ್ತಿದ್ದಳು. ಸುತ್ತ ಯಾರೂ ಇರಲಿಲ್ಲ. ಬೆಟ್ಟದ ಬಾಯನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಒಂದು ಶಾಂತಿಯಿತ್ತು, ಅಂಥದ್ದನ್ನು ನಾನು ನಮ್ಮ ಮನೆಯಲ್ಲಿ ಯಾವತ್ತೂ ನೋಡಿಲ್ಲ. ನಾನು ಏದುಸಿರು ಬಿಡುತ್ತಾ ಮುಂದೆ ನಿಂತಾಗ ಅವಳು ನನ್ನ ಕಾಲು ನೋಡಿದಳು, ಕರ್ಚೀಫು ನೋಡಿದಳು. ಗಾಳಿ ಆಚೆಗೆ ತಿರುಗಿತು ಮಾರಾಯ್ರೆ, ಹಾಗೆ ವಾಸನೆ ಹೋಯಿತು ಎಂದಳು. ಆಮೇಲೆ ಪಕ್ಕದ ಜಾಗ ಕೈಯಿಂದ ಒರೆಸಿದಳು.

"ಕೂತ್ಕೊಳ್ಳಿ. ಐದು ನಿಮಿಷ. ಎಂತದೂ ಹೇಳ್ಬೇಡಿ."

ಕೂತೆ. ಕೆಳಗೆ ಭೂಮಿ ಗೊರ ಗೊರ ಎನ್ನುತ್ತಿತ್ತು. ಹೊಗೆ ಸುರುಳಿ ಸುತ್ತಿ ಏಳುತ್ತಿತ್ತು, ಅದರಾಚೆ ನೀಲಿ ಸಮುದ್ರ. ಅವಳು ಅರ್ಧ ಚಕ್ಕುಲಿ ಮುರಿದು ಕೊಟ್ಟಳು. ಜೀವಮಾನದಲ್ಲಿ ನಾನು ಅಷ್ಟು ಸುಖವಾಗಿ ಕೂತದ್ದೇ ಇಲ್ಲ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ನನ್ನ ಬಾಯಿ ತಾನಾಗಿ ತೆರೆದು, ನೀನು ಕೂತ ಬಂಡೆಯ ಬುಡದಲ್ಲಿ ಬಿರುಕು ಉಂಟು ಎಂದಿತು.

ಅವಳು ಚಕ್ಕುಲಿಯ ಕಾಗದ ಮಡಚಿ ಎದ್ದಳು. ನಾನು ಬಂಡೆಯ ಬಗ್ಗೆ ಹೇಳಿದ್ದು ಸರಿಯೇ, ಬಿರುಕು ಇತ್ತು. ಆದರೆ ಕೆಲವು ಸಲ ಸರಿಯಾಗಿರುವುದರಿಂದ ಏನೂ ಪ್ರಯೋಜನವಿಲ್ಲ.

ಕೆಳಗೆ ಹದಿಮೂರು ಜನ ಇನ್ನೂ ಇಬ್ಬಿಬ್ಬರ ಸಾಲಿನಲ್ಲಿ ಕೂತೇ ಇದ್ದರು. ಏಳಿ ಎಂದು ಹೇಳಲು ನಾನು ಮರೆತಿದ್ದೆ. ಒಬ್ಬ ಜರ್ಮನ್ ಅಜ್ಜ ಎದ್ದು ಬಂದು ಕೈಕುಲುಕಿ ತುರ್ತು ಅಭ್ಯಾಸ ಬಹಳ ಚೆನ್ನಾಗಿತ್ತು ಎಂದ. ಅದು ಟಿಕೆಟಿನಲ್ಲೇ ಸೇರಿದೆ ಎಂದುಕೊಂಡಿದ್ದನಂತೆ. ಗೈಡ್ ಹುಡುಗಿ ಮಾತ್ರ ಇಳಿಯುವಾಗ ದಾರಿಯುದ್ದಕ್ಕೂ ನನ್ನನ್ನು ತನ್ನ ಪಕ್ಕದಲ್ಲೇ ಇಟ್ಟುಕೊಂಡಳು.

ಶನಿವಾರ ಕುವೈತಿಗೆ ವಾಪಸು. ಭಾನುವಾರ ಕಂಪನಿಗೆ ಉತ್ತರ ಕೊಡಬೇಕು. ಅವಳು ಸೂಟ್‌ಕೇಸ್ ಬಿಚ್ಚುವ ಮೊದಲು ಫ್ರಿಜ್ಜಿನಿಂದ ಕಾಗದ ತೆಗೆದು, ಪೆನ್ನಿನ ಜೊತೆ ಮೇಜಿನ ಮೇಲೆ ಇಟ್ಟಳು. ಸೈನ್ ಮಾಡಿ ಎಂದಳು.

ನನಗೆ ಅಳು ಬಂತು. ಅರವತ್ತು ವರ್ಷದ ಗಂಡಸು, ಒಂದು ಬಂಡೆಯ ಬಿರುಕಿಗಾಗಿ ಸುರತ್ಕಲ್ಲಿನ ಎರಡು ಕುರ್ಚಿ ಕಳೆದುಕೊಂಡೆನಲ್ಲ ಎಂದು ಹೊಟ್ಟೆ ಉರಿಯಿತು. ಸಹಿ ಮಾಡಿದೆ. ಆಮೇಲೆ ನಿನ್ನ ಟಿಕೆಟ್ ಯಾವಾಗಿನದ್ದು ಮಾಡಿಸಲಿ ಎಂದು ಕೇಳಿದೆ.

"ಯಾವ ಟಿಕೆಟ್? ಬೆಟ್ಟದ ಮೇಲೆ ಓಡಿ ಬಂದಾಗ ನಿಮ್ಮ ಮುಖ ಹೇಗಿತ್ತು ನಿಮಗೆ ಗೊತ್ತುಂಟಾ? ಆ ಮುಖ ಇಲ್ಲಿ ಬಿಟ್ಟು ನಾನು ಅಲ್ಲಿ ಹೋಗಿ ಎಂತ ಮಾಡ್ಲಿ? ನಾನೂ ಇಲ್ಲೇ ಇರ್ತೇನೆ. ನೀವು ಹತ್ತು ಗಂಟೆ ಅವರನ್ನು ಎಣಿಸಿ ಮನೆಗೆ ಬನ್ನಿ. ಎರಡು ವರ್ಷ ಬಿಟ್ಟು ಸಪ್ಲಿಮೆಂಟರಿ ಪರೀಕ್ಷೆ ಇಡುವ."

ಹಾಗಾದರೆ ನಾನು ಯಾವ ಸಬ್ಜೆಕ್ಟಿನಲ್ಲಿ ಫೇಲು ಎಂದು ಕೇಳಿದೆ.

"ಸುಮ್ಮನೆ ಕೂರುವುದರಲ್ಲಿ," ಎಂದಳು.

ಈಗ ಶುಕ್ರವಾರ ಸಂಜೆ ಅಬು ಹಲೀಫಾದ ಸಮುದ್ರದ ಬದಿಗೆ ಹೋಗಿ ಅಭ್ಯಾಸ ಮಾಡುತ್ತೇನೆ. ಸುಲಭವಲ್ಲ. ಮಕ್ಕಳು ಪಾಚಿಗಟ್ಟಿದ ಕಲ್ಲಿನ ಮೇಲೆ ಕುಣಿಯುತ್ತಾರೆ. ಯಾರೋ ಒಬ್ಬ ಭಾಯಿ ಕಾರಿನ ಡಿಕ್ಕಿಯೊಳಗೇ ಸ್ಟವ್ ಹಚ್ಚಿ ಚಹಾ ಕಾಯಿಸುತ್ತಾನೆ. ನಾನು ನಾಲಿಗೆ ಕಚ್ಚಿಕೊಂಡು ಸಮುದ್ರ ನೋಡುತ್ತೇನೆ. ಮೊದಲ ವಾರ ಮೂರು ನಿಮಿಷ ತಡೆದೆ. ಕಳೆದ ವಾರ ಸೂರ್ಯ ಮುಳುಗುವವರೆಗೂ ಕೂತೆ. ಅವಳು ಫ್ಲಾಸ್ಕಿನಿಂದ ಕಪ್ಪಿಗೆ ಚಹಾ ಬಗ್ಗಿಸಿ ನನ್ನ ಕೈಗಿಟ್ಟಳು.

"ಬಿಸಿ ಉಂಟು, ಜಾಗ್ರತೆ," ಎಂದಳು.

ನಾನು ಅವಳ ಮುಖ ನೋಡಿದೆ. ಒಂದು ಮಾತೂ ಆಡದೆ ಕುಡಿದೆ.