ಬ್ಲಾಸ್ಟರ್‌ಗೆ ಕಿವಿ ಕೇಳುತ್ತಿತ್ತು

ಈ ವಿಷಯ ಬರೆಯಬೇಕೆಂದು ಕೂತು, ಬರೆಯದೆ ಎದ್ದು, ಹಲವು ವಾರಗಳಾದವು. ಅದರ ಬದಲು ಟೀ ತೋಟಕ್ಕೆ ನುಗ್ಗಿದ ಕಾಡೆಮ್ಮೆಯ ಬಗ್ಗೆ ಬರೆದೆ. ಊಟಿ ಬಸ್ಸಿನ ಕಂಡಕ್ಟರನ ಬಗ್ಗೆ ಬರೆದೆ. ಕಳೆದ ವಾರ ಕ್ಯಾರೆಟ್ ತೊಳೆಯುವ ಯಂತ್ರದ ಬಗ್ಗೆಯೂ ಬರೆದೆ. (ಅದು ಚೆನ್ನಾಗಿತ್ತೆಂದು ಚಾಮರಾಜನಗರದ ಓದುಗರೊಬ್ಬರು ಫೋನ್ ಮಾಡಿದರು. ನನಗೆ ನಾಚಿಕೆಯಾಯಿತು.) ತಪ್ಪಿಸಿಕೊಳ್ಳಬೇಕೆಂದಿರುವ ಅಂಕಣಕಾರನಿಗೆ ವಿಷಯಗಳ ಬರವಿಲ್ಲ.

ಇವತ್ತು ತಪ್ಪಿಸಿಕೊಳ್ಳುವುದಿಲ್ಲ.

ಮೊದಲು ಒಂದು ಇಂಗ್ಲಿಷ್ ಪದ. ಬ್ಲಾಸ್ಟ್.

ಕೊಯಮತ್ತೂರಿನಲ್ಲಿ ಕಾಲೇಜು ಓದುವ ನನ್ನ ಮೊಮ್ಮಗಳು ದರ್ಶಿನಿ ರಜೆಗೆ ಬಂದಳೆಂದರೆ ಮನೆಯಲ್ಲಿ ಈ ಪದ ಹೊತ್ತುಹೊತ್ತಿಗೆ ಸಿಡಿಯುತ್ತದೆ. ಗೆಳತಿಯರ ಜೊತೆ ಮಸಿನಗುಡಿಗೆ ಹೋಗಿ ಬಂದು, "ವಿ ಹ್ಯಾಡ್ ಎ ಬ್ಲಾಸ್ಟ್, ತಾತ" ಅಂದಳು. ಬಹಳ ಖುಷಿಯಾಯಿತು ಎಂದರ್ಥವಂತೆ. ಚಳಿಗೆ ಹೀಟರ್ ಹಾಕುವುದು ಫುಲ್ ಬ್ಲಾಸ್ಟಿನಲ್ಲಿ. ಹಳೆಯ ಟೀಚರ್ ಪೇಟೆಯಲ್ಲಿ ಎದುರಾದರೆ ಬ್ಲಾಸ್ಟ್ ಫ್ರಮ್ ದ ಪಾಸ್ಟ್. ಪ್ರೊಫೆಸರ್ ಬೈದರೆ ಬ್ಲಾಸ್ಟ್ ಮಾಡಿದರು. ಕೂನೂರಿನ ಬಟ್ಟೆ ಅಂಗಡಿಯಲ್ಲಿ ಆಡಿ (ಆಷಾಢ) ತಿಂಗಳ ಆಫರ್ ಬ್ಲಾಸ್ಟ್. ಖುಷಿಗೂ ಅದೇ, ಬೈಗುಳಕ್ಕೂ ಅದೇ, ರಿಯಾಯಿತಿಗೂ ಅದೇ. ಇಷ್ಟೆಲ್ಲ ಸಿಡಿದರೂ ಯಾರಿಗೂ ಗಾಯವಾಗುವುದಿಲ್ಲ. ಎಂಥ ಪುಣ್ಯವಂತ ಪದ, ಅಲ್ಲವೇ?

ನಾನು ಆ ಪದ ಕಲಿತದ್ದು ಬೇರೆ ಕಡೆ.

ನನ್ನದು ನೀಲಗಿರಿಯ ಮಂಜೂರಿನ ಹತ್ತಿರದ ಒಂದು ಹಟ್ಟಿ. ಹಟ್ಟಿ ಅಂದರೆ ನಮ್ಮ ಬಡಗರ ಊರು. ಗುಂಡ್ಲುಪೇಟೆಯಲ್ಲಿ ಅಪ್ಪನ ಪರಿಚಯದವರ ಮನೆಯಲ್ಲಿದ್ದು ಹೈಸ್ಕೂಲು ಮುಗಿಸಿ ಊರಿಗೆ ಬಂದೆ. (ನನ್ನ ಕನ್ನಡಕ್ಕೆ ಆ ಮನೆಯೇ ಕಾರಣ.) ಆಗ ಕುಂದಾ ಕಡೆಯ ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿತ್ತು. ಬೆಟ್ಟದ ಬಂಡೆಗೆ ಮದ್ದಿಟ್ಟು ಸಿಡಿಸಿ ಜಾಗ ಮಾಡಬೇಕು. ನನಗೆ ಅಲ್ಲಿ ಕೆಲಸ ಸಿಕ್ಕಿತು. ಒಂದು ಸೀಟಿ, ಒಂದು ಕೆಂಪು ಬಾವುಟ, ಒಂದು ಹಸಿರು ಬಾವುಟ. ಸಿಡಿಸುವಾಗ ತಿರುವಿನಲ್ಲಿ ನಿಂತು ವಾಹನ ತಡೆಯುವುದು. ತಮಿಳು ಬರುತ್ತಿತ್ತು, ಚೂರುಪಾರು ಇಂಗ್ಲಿಷೂ ಬರುತ್ತಿತ್ತು. ಅದಕ್ಕೇ ಆ ಕೆಲಸ.

ಮದ್ದಿಡುತ್ತಿದ್ದವರು ನಮ್ಮ ಹಟ್ಟಿಯವರೇ. ವರಸೆಯಲ್ಲಿ ನನಗೆ ಅಣ್ಣ. ಲೈಸೆನ್ಸ್ ಇದ್ದ ಬ್ಲಾಸ್ಟರ್. ಕೂಲಿಯವರು, ಮೇಸ್ತ್ರಿ, ಕಂಟ್ರಾಕ್ಟರ್ ಎಲ್ಲರೂ ಬ್ಲಾಸ್ಟರ್ ಎಂದೇ ಕರೆಯುತ್ತಿದ್ದರು. ಹಟ್ಟಿಯಲ್ಲೂ ಅದೇ ನಿಂತುಬಿಟ್ಟಿತು.

ಆ ಕೆಲಸಕ್ಕೊಂದು ಕ್ರಮವಿತ್ತು. ಬಂಡೆಯಲ್ಲಿ ತೂತು ಕೊರೆದು ಮದ್ದು ತುಂಬುತ್ತಾರೆ. ಒಂದೊಂದರ ಬತ್ತಿ ಒಂದೊಂದು ಉದ್ದ. ಒಂದಾದ ಮೇಲೆ ಒಂದು ಸಿಡಿಯಲಿ ಎಂದು. ಬತ್ತಿ ಹಚ್ಚಿ ಬ್ಲಾಸ್ಟರ್ ಒಂದು ಕಡೆಯ ತಿರುವಿಗೆ ಓಡುತ್ತಾರೆ. ಇನ್ನೊಂದು ಕಡೆಯ ತಿರುವಿನಲ್ಲಿ ನಾನು. ಇಬ್ಬರೂ ಸದ್ದು ಎಣಿಸಬೇಕು. ಮಂಜು ಕವಿದಿದ್ದರೆ ಒಂದು ಸದ್ದು ಮೆತ್ತಗಾಗಿ ಒಂದು ಕಡೆಗೆ ಕೇಳದೆ ಹೋಗಬಹುದು. ಎರಡು ಕೂಡಿ ಸಿಡಿದು ಒಂದರಂತೆ ಕೇಳಬಹುದು. ಅದಕ್ಕೇ ಎರಡು ಕಿವಿಗಳಿಗೆ ಬದಲು ನಾಲ್ಕು. ಎಲ್ಲ ಸಿಡಿದಿದೆ ಎಂದು ಖಾತ್ರಿಯಾದ ಮೇಲೆ ಬ್ಲಾಸ್ಟರ್ ಒಬ್ಬರೇ ಹೋಗಿ ನೋಡುತ್ತಾರೆ. ಒಂದು ಉಳಿದಿದೆ ಎಂಬ ಅನುಮಾನ ಬಂದರೂ ಯಾರೂ ಹತ್ತಿರ ಸುಳಿಯುವಂತಿಲ್ಲ, ಬ್ಲಾಸ್ಟರ್ ಕೂಡ.

ಅವರು ಬೆರಳು ಮಡಚಿ ಎಣಿಸುತ್ತಿದ್ದರು. ಪ್ರತಿ ಸದ್ದಿಗೆ ಬಲಗೈಯ ಒಂದು ಬೆರಳು. ಐದಕ್ಕೆ ಮುಷ್ಟಿ. ಆರನೆಯದಕ್ಕೆ ಎಡಗೈಯ ಹೆಬ್ಬೆರಳು.

ಆವತ್ತು ಆರು ತೂತುಗಳು. ಮಂಜು ದಟ್ಟವಾಗಿತ್ತು.

ನಾನು ತಡೆದು ನಿಲ್ಲಿಸಿದ್ದ ಸಾಲಿನಲ್ಲಿ ಮೊದಲನೆಯದು ಒಂದು ಕಾರು. ಒಳಗೆ ಒಂದು ಎಸ್ಟೇಟಿನ ಮ್ಯಾನೇಜರ್, ಟೈ ಕಟ್ಟಿದವರು. ಹಾರ್ನ್ ಒತ್ತಿ ಒತ್ತಿ ಸಾಕಾಗಿ ಗಾಜು ಇಳಿಸಿ, "ಬ್ಲಾಸ್ಟ್ ಇಟ್, ಮ್ಯಾನ್" ಅಂದರು. ಬಂಡೆ ಸಿಡಿಸುವ ಜಾಗದಲ್ಲಿ ನಿಂತು ಅದೇ ಪದದಿಂದ ಶಾಪ ಹಾಕಬಹುದೆಂದು ನನಗೆ ಗೊತ್ತೇ ಇರಲಿಲ್ಲ. ಬಲು ಸೊಗಸಾಗಿ ಕಂಡಿತು. ನನಗೆ ಬರುತ್ತಿದ್ದ ಇಂಗ್ಲಿಷನ್ನೆಲ್ಲ ಒಟ್ಟುಮಾಡಿ ಉತ್ತರ ಕೊಟ್ಟೆ. ಅವರ ಮುಖ ಸಡಿಲವಾಯಿತು. ಎಲ್ಲಿ ಓದಿದೆ ಎಂದು ಕೇಳಿದರು. ಆಫೀಸಿಗೆ ಒಬ್ಬ ಹುಡುಗ ಬೇಕಾಗಿದ್ದಾನೆ ಅಂದರು. ಬಂದು ಕಾಣು ಅಂದರು.

ಅಷ್ಟರಲ್ಲಿ ಬಂಡೆ ಸಿಡಿಯುತ್ತಿತ್ತು. ನಾನು ಎಣಿಸಲಿಲ್ಲ.

ಆಚೆ ತಿರುವಿನಿಂದ ಅವರ ಕೂಗು ಬಂತು. "ತಮ್ಮಾ, ಎಷ್ಟ?"

"ಆರು" ಎಂದೆ.

ನನಗೆ ಅವರು ಕಾಣುತ್ತಿರಲಿಲ್ಲ. ಆದರೆ ಈಗಲೂ ಕಾಣುತ್ತದೆ: ಬಲಗೈ ಮುಷ್ಟಿ, ಎಡಗೈಯ ಹೆಬ್ಬೆರಳು ಇನ್ನೂ ನೆಟ್ಟಗೆ.

"ಆರೇಯಾ? ಸರಿಯಾಗಿ ಹೇಳು. ನನಗ ಐದೇ."

ಆಗಲಾದರೂ ಗೊತ್ತಿಲ್ಲ ಎನ್ನಬಹುದಿತ್ತು. ಕಾರಿನ ಗಾಜು ಇನ್ನೂ ಇಳಿದಿತ್ತು, ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದರು. "ಆರೇ ಅಣ್ಣ" ಎಂದೆ.

ಬ್ಲಾಸ್ಟರ್ ಬಂಡೆ ನೋಡಲು ಒಳಗೆ ಹೋದರು.

ಆಮೇಲಿನದನ್ನು ಉದ್ದಕ್ಕೆ ಬರೆಯಲಾರೆ. ಜೀವ ಉಳಿಯಿತು. ಬಲಗೈಯ ಬೆರಳುಗಳು ಉಳಿಯಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಅದು ಅಜಾಗರೂಕತೆ ಅನಿಸಿಕೊಳ್ಳುತ್ತಿತ್ತು. ಅವರು ಆಸ್ಪತ್ರೆಯಲ್ಲಿರುವಾಗ ಎಂಜಿನಿಯರ್ ಬಂದು ಟಾರ್ಪಾಲಿನ ಕೆಳಗೆ ಕೂತು ವಿಚಾರಣೆ ಮಾಡಿದರು. ನೀನು ಎಷ್ಟು ಅಂದೆ ಎಂದು ನನ್ನನ್ನು ಕೇಳಿದರು. ಐದು ಅಂತಲೇ ಹೇಳಿದೆ ಎಂದೆ. ಮತ್ತೆ ಅವರು ಯಾಕೆ ಒಳಗೆ ಹೋದರು ಎಂದು ಕೇಳಿದರು.

ನಾಲಿಗೆಗೆ ಬಂದದ್ದನ್ನು ಹೇಳಿದೆ.

"ಅವರಿಗೆ ಕಿವಿ ಸರಿಯಾಗಿ ಕೇಳಲ್ಲ, ಸಾರ್."

ಎಲ್ಲರೂ ತಲೆಯಾಡಿಸಿದರು. ಎಷ್ಟು ಸಲೀಸಾಗಿ ನಂಬಿದರು! ವರ್ಷಗಟ್ಟಲೆ ಮದ್ದು ಸಿಡಿಸಿದವನ ಕಿವಿ ಇನ್ನು ಹೇಗಿರುತ್ತದೆ ಎಂದು ಮೇಸ್ತ್ರಿಯೇ ಸೇರಿಸಿದ. ಕಿವಿ ಕೇಳದವನಿಗೆ ಲೈಸೆನ್ಸ್ ಎಲ್ಲಿಯದು? ತಪ್ಪು ಅವರದೇ ಎಂದಾಯಿತು. ಪರಿಹಾರದ ಮಾತೂ ಅಲ್ಲಿಗೇ ನಿಂತಿತು.

ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಅವರು ಕೆಲಸದ ಜಾಗಕ್ಕೆ ಬಂದ ದಿನ ನಾನೂ ಅಲ್ಲಿದ್ದೆ. ಕಂಟ್ರಾಕ್ಟರ್ ಅವರ ಮುಖದ ಹತ್ತಿರ ಬಾಯಿಟ್ಟು, ಕೈಸನ್ನೆ ಮಾಡುತ್ತ, ಗಂಟಲು ಹರಿಯುವಂತೆ ಮಾತಾಡಿದ. ಅವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ನಿಧಾನವಾಗಿ ನನ್ನ ಕಡೆ ತಿರುಗಿ ನೋಡಿದರು. ಮತ್ತೆ ಕಂಟ್ರಾಕ್ಟರನಿಗೆ ಹೇಳಿದರು.

"ಮೆಲ್ಲಗ ಮಾತಾಡಿ. ಕೇಳ್ತದ."

ನಾನು ಸೀಟಿ, ಬಾವುಟ ಕೊಟ್ಟು ಎಸ್ಟೇಟ್ ಆಫೀಸಿಗೆ ಸೇರಿದೆ. ಅಲ್ಲಿಂದಲೇ ನಿವೃತ್ತನಾದೆ. ಮಗಳ ಮದುವೆ, ಹುಬ್ಬತಲೈಯ ಮನೆ, ನೀವು ಓದುತ್ತಿರುವ ಈ ಅಂಕಣ, ಎಲ್ಲವೂ ಆ ಕೆಲಸದ ಆಧಾರದ ಮೇಲೆ ನಿಂತವು. ಹಟ್ಟಿ ಬಿಟ್ಟು ಹುಬ್ಬತಲೈಗೆ ಬಂದದ್ದಕ್ಕೆ ಮನೆಯವರಿಗೆ ಕೂನೂರಿನ ಆಸ್ಪತ್ರೆ ಹತ್ತಿರ ಎಂಬ ಕಾರಣ ಕೊಟ್ಟಿದ್ದೇನೆ. ಹಟ್ಟಿಯಲ್ಲಿದ್ದರೆ ದಿನವೂ ಅವರ ಎದುರು ನಡೆಯಬೇಕಿತ್ತು.

ಅವರು ಮಂಜೂರು ಪೇಟೆಯಲ್ಲಿ ತರಕಾರಿ ಮೂಟೆಗಳಿಗೆ ಕಾವಲು ಕೂತರು. ಜನ ಅವರ ಹತ್ತಿರ ಕೂಗಿ ಮಾತಾಡುತ್ತಿದ್ದರು. ಮೊದಮೊದಲು ಅವರು 'ಮೆಲ್ಲಗೆ ಹೇಳಿ, ಕೇಳುತ್ತದೆ' ಎನ್ನುತ್ತಿದ್ದರಂತೆ. ಎಲ್ಲ ಕಿವುಡರೂ ಹಾಗೇ ಹೇಳೋದು ಎಂದು ಜನ ನಕ್ಕರು. ಆಮೇಲೆ ಅವರು ಹೇಳುವುದನ್ನೇ ಬಿಟ್ಟರು. ಹಟ್ಟಿಯ ಕೂಟದಲ್ಲಿ ಹಿರಿಯರ ಮಾತು ಕೇಳುವಾಗ ಅವರ ಸರದಿ ಬಂದರೆ, ಬ್ಲಾಸ್ಟರ್‌ಗೆ ಕೇಳಲ್ಲ ಬಿಡಿ ಎಂದು ಮುಂದಿನವರ ಕಡೆ ಹೋಗುತ್ತಿದ್ದರು. ಅವರಿಗೆ ಅದು ಕೇಳುತ್ತಿತ್ತು. ಪ್ರತಿ ಸಲವೂ ಕೇಳುತ್ತಿತ್ತು. ಒಬ್ಬ ಮನುಷ್ಯನನ್ನು ಅವನು ಕೂತಲ್ಲೇ ಇಲ್ಲವಾಗಿಸಲು ಎಷ್ಟು ಮಾತು ಬೇಕು? ನನಗೆ ಒಂದು ವಾಕ್ಯ ಸಾಕಾಯಿತು.

ಈ ರಜೆಯಲ್ಲಿ ದರ್ಶಿನಿಯನ್ನು ಕರೆದುಕೊಂಡು ಹಟ್ಟಿಗೆ ಹೋಗಿ ಹಿಂದಿರುಗುವಾಗ ಮಂಜೂರು ಬಸ್ ಸ್ಟ್ಯಾಂಡಿನಲ್ಲಿ ಅವರು ಕೂತಿದ್ದರು. ತೀರಾ ಮುದುಕರಾಗಿದ್ದರು. ಬ್ಲಾಸ್ಟರ್‌ಗೆ ಕೇಳಲ್ಲ ಎಂದು ಹಟ್ಟಿಯಲ್ಲಿ ಕೇಳಿದ್ದ ದರ್ಶಿನಿ ಅವರ ಬೆನ್ನ ಹಿಂದೆ ನಿಂತು ಗೆಳತಿಗೆ ಫೋನಿನಲ್ಲಿ ಪಿಸುದನಿಯಲ್ಲಿ ಮಸಿನಗುಡಿಯ ಕಥೆ ಹೇಳುತ್ತಿದ್ದಳು. ಬಸ್ಸುಗಳ ಗದ್ದಲ. ಅವಳು ಬ್ಲಾಸ್ಟ್ ಅಂದದ್ದೇ ತಡ, ಅವರು ತಿರುಗಿದರು. ತುಟಿಯಂಚಿನಲ್ಲಿ ನಗು.

"ಏನ ಕೂಸೆ, ಯಾರಿಗೂ ಏಟು ಬೀಳಲಿಲ್ಲ ತಾನೇ?"

ಅವಳು ನಕ್ಕಳು. ಫೋನ್ ಇಳಿಸಿ, ನಮ್ಮ ಪದ್ಧತಿಯಂತೆ ಅವರ ಮುಂದೆ ತಲೆ ಬಾಗಿಸಿದಳು. ಬಡಗರಲ್ಲಿ ಕಿರಿಯರು ಹೀಗೆ ತಲೆ ಬಾಗಿಸಿದರೆ ಹಿರಿಯರು ನೆತ್ತಿಯ ಮೇಲೆ ಕೈಯಿಟ್ಟು ಹರಸುತ್ತಾರೆ. ಅವರು ಬೆರಳಿಲ್ಲದ ಬಲ ಅಂಗೈಯನ್ನೇ ಇಟ್ಟರು. "ಬದುಕು, ಬದುಕು" ಅಂದರು.

ಮತ್ತೆ ನನ್ನನ್ನು ನೋಡಿದರು. ನಾನು ಅವರಿಗಿಂತ ಕಿರಿಯ. ನಾನೂ ಬಾಗಬೇಕಿತ್ತು. ಅವರ ಕೈ ಸ್ವಲ್ಪ ಮೇಲಕ್ಕೆದ್ದೇ ಇತ್ತು.

ನಾನು ಬಸ್ಸಿನ ಬೋರ್ಡ್ ಓದಿದೆ. ನಮ್ಮದೇ ಬಸ್ಸು ಎಂದು ಅವಳನ್ನು ಅವಸರಪಡಿಸಿ ಹತ್ತಿದೆ. (ಅದು ನಮ್ಮ ಬಸ್ಸಾಗಿರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇಳಿದೆವು.)

ಅಲ್ಲಿ ನಿಂತಿದ್ದಾಗ ದರ್ಶಿನಿ ಕೇಳಿದಳು. "ತಾತ, ಅವರಿಗೆ ಚೆನ್ನಾಗಿ ಕೇಳುತ್ತಲ್ಲ. ಕೇಳಲ್ಲ ಅಂತ ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಾರೆ" ಎಂದೆ.

ಬರೆಯಬೇಕೆಂದು ಕೂತು ಎದ್ದದ್ದು ಅಂದಿನಿಂದ. ಬರೆಯುವ ಮೊದಲು ಹೋಗಿ ಅವರಿಗೇ ಹೇಳಬೇಕಲ್ಲವೇ ಎಂದುಕೊಂಡೆ. ಸೋಮವಾರ ಹೋಗುತ್ತೇನೆ ಎಂದುಕೊಂಡೆ. ಮಳೆ ನಿಲ್ಲಲಿ ಎಂದುಕೊಂಡೆ. ಕಾಡೆಮ್ಮೆ, ಕಂಡಕ್ಟರ್, ಕ್ಯಾರೆಟ್. ಆಮೇಲೆ ಹಟ್ಟಿಯ ವಾಟ್ಸಾಪ್ ಗುಂಪಿನಲ್ಲಿ ಪೋಸ್ಟರ್ ಬಂತು. ಕಪ್ಪು ಅಂಚು, ನಡುವೆ ಅವರ ಹರೆಯದ ಫೋಟೋ. ಅದರ ಕೆಳಗಿದ್ದ ಹೆಸರು ದರ್ಶಿನಿಗೆ ಗುರುತಾಗಲಿಲ್ಲ. ಪಕ್ಕದಲ್ಲಿ ಕಂಸದೊಳಗೆ ಬ್ಲಾಸ್ಟರ್ ಎಂದಿದ್ದುದನ್ನು ಓದಿ ಅಳತೊಡಗಿದಳು.

ನಮ್ಮಲ್ಲಿ ಸಾವಿನ ದಿನ ಒಂದು ಆಚಾರವಿದೆ. ಹೆಣದ ಬಳಿ ಹಿರಿಯರೊಬ್ಬರು ನಿಂತು ಪಾಪಗಳನ್ನು ಒಂದೊಂದಾಗಿ ಹೇಳುತ್ತಾರೆ. ಹಾವು ಕೊಂದದ್ದು, ಗಡಿಯ ಕಲ್ಲು ಸರಿಸಿದ್ದು, ಹೀಗೆ. ಸುತ್ತ ನಿಂತವರು ಪ್ರತಿಯೊಂದಕ್ಕೂ 'ಪಾಪ' ಎಂದು ದನಿಗೂಡಿಸಬೇಕು. ಸತ್ತವರು ಅದನ್ನೆಲ್ಲ ಮಾಡಿದ್ದಾರೆಂದಲ್ಲ. ಮಾಡಿರಬಹುದಾದದ್ದೆಲ್ಲ ಅವರನ್ನು ಬಿಟ್ಟುಹೋಗಲಿ ಎಂದು.

ನಾನೂ ದರ್ಶಿನಿಯೂ ಹೋದೆವು. ಹಿರಿಯರು ಶುರುಮಾಡಿದರು. ಅವರ ದನಿ ಸಣ್ಣದು. ನನ್ನ ಹಿಂದೆ ಯಾರೋ, "ಜೋರಾಗಿ ಹೇಳಿ ಅಯ್ಯ, ಬ್ಲಾಸ್ಟರ್‌ಗ ಕೇಳಬೇಕಲ್ಲ" ಅಂದ. ಇಬ್ಬರು ಮೂವರು ನಕ್ಕರು. ಅದರಲ್ಲಿ ಕೆಟ್ಟ ಮನಸ್ಸಿರಲಿಲ್ಲ. ಹೆಂಗಸರ ನಡುವೆ ಕೂತಿದ್ದ ದರ್ಶಿನಿ ತಲೆಯೆತ್ತಿ ನನ್ನ ಕಡೆ ನೋಡಿದಳು. ಅಲ್ಲಿದ್ದ ಹಿರಿಯರಲ್ಲಿ ನಾನೂ ಒಬ್ಬ. ಅವರಿಗೆ ಕೇಳುತ್ತಿತ್ತು ಎಂಬ ಒಂದೇ ಮಾತು ಬೇಕಿತ್ತು.

ಹಿರಿಯರು ಮುಂದುವರಿಸಿದರು. ಪಾಪ, ಪಾಪ ಎಂದು ಜನ. ಆಮೇಲೆ ಬಂತು: ಸುಳ್ಳು ಸಾಕ್ಷಿ ಹೇಳಿದ್ದು.

ಎಲ್ಲರ ಜೊತೆ ನಾನೂ 'ಪಾಪ' ಎಂದೆ. ಟಾರ್ಪಾಲಿನ ಕೆಳಗೆ ಒಂದು ಸಲ ಅವರ ಮೇಲೆ ಹೊರಿಸಿದ್ದನ್ನು ಹೆಣದ ಮುಂದೆ ಇನ್ನೊಂದು ಸಲ ಹೊರಿಸಿದೆ.

ಇಲ್ಲಿ ಬರೆದದ್ದರಿಂದ ಹಗುರಾದೆನೆಂದು ದಯವಿಟ್ಟು ತಿಳಿಯಬೇಡಿ. ನಮ್ಮ ಹಟ್ಟಿಯ ಮಕ್ಕಳು ಓದುವುದು ತಮಿಳು, ಇಂಗ್ಲಿಷ್. ಕನ್ನಡ ಅಕ್ಷರ ಗೊತ್ತಿರುವವರು ಬೆರಳೆಣಿಕೆಯಷ್ಟು. ಹಟ್ಟಿಯವರು ಓದಲಾರದ ಲಿಪಿಯಲ್ಲಿ ತಪ್ಪೊಪ್ಪಿಕೊಳ್ಳುವುದು ತಿರುವಿನಾಚೆ ಮಂಜಿನಲ್ಲಿ ನಿಂತು ಕೂಗುವಷ್ಟೇ ಸುಲಭ. ಆದ್ದರಿಂದ ಇದನ್ನು ಅಂಚೆಗೆ ಹಾಕುವ ಮೊದಲು ದರ್ಶಿನಿಗೆ ಪೂರ್ತಿ ಓದಿ ಹೇಳಿದೆ. ಇಡೀ ಬರಹದಲ್ಲಿ ಅವರ ಹೆಸರೇ ಇಲ್ಲವಲ್ಲ ಎಂದಳು. ಹಟ್ಟಿಯ ಮುಂದಿನ ಕೂಟದಲ್ಲಿ ಎದ್ದು ನಿಂತು ನಾನು ಮೊದಲು ಹೇಳಬೇಕಾದದ್ದೂ ಆ ಹೆಸರನ್ನೇ.

ಅವರ ಹೆಸರು ಜೋಗಣ್ಣ.