ಅಡುಗೆಮನೆ ಕಡೆಯ ದೀಪಗಳು

ಓರಿನ್ ಸ್ಲೆಟನ್‌ಗೆ ಸುಮ್ಮನೆ ಕೂರುವುದೊಂದು ಬಿಟ್ಟು ಬೇರೆಲ್ಲ ಕೆಲಸ ಬರುತ್ತಿತ್ತು. ಮಿನೆಸೋಟದ ನಮ್ಮ ಸೀಮೆಯಲ್ಲಿ ಹಿಮ ತಳ್ಳುವ ಲಾರಿ ಓಡಿಸಿ ತಲೆ ನರೆಸಿಕೊಂಡವನು. ಒಮ್ಮೆ ಹಿಮಗಾಳಿಯಲ್ಲಿ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದೆ ತಳ್ಳುತ್ತಾ ತಳ್ಳುತ್ತಾ ಪಕ್ಕದ ರಾಜ್ಯದ ಅರ್ಧ ರಸ್ತೆಯನ್ನೂ ಬೋಳಿಸಿ ಬಂದಿದ್ದ. ಅಲ್ಲಿನ ಜನ ಇದು ಯಾವ ದೇವರ ಕೆಲಸವಪ್ಪಾ ಎಂದು ವಸಂತದವರೆಗೂ ತಲೆ ಕೆರೆದುಕೊಂಡರಂತೆ. ಆ ವರ್ಷದ ಚಳಿಯೂ ಅಂಥದ್ದೇ. ಹಸು ಕರೆದರೆ ಐಸ್‌ಕ್ರೀಮು ಬೀಳುತ್ತಿತ್ತು, ಸಕ್ಕರೆ ಮಾತ್ರ ನಾವೇ ಹಾಕಿಕೊಳ್ಳಬೇಕಾಗಿತ್ತು.

ನಿವೃತ್ತನಾದ ಮೇಲೆ ಕ್ರಿಸ್‌ಮಸ್ ದೀಪಗಳ ಹುಚ್ಚು ಹತ್ತಿತು. ಕಂಪ್ಯೂಟರು ಹಾಡು ಹಾಕುತ್ತದೆ, ಕಂಟ್ರೋಲರ್ ಅನ್ನುವ ಪೆಟ್ಟಿಗೆ ಆ ತಾಳಕ್ಕೆ ಸರಿಯಾಗಿ ದೀಪ ಕುಣಿಸುತ್ತದೆ, ಜನ ಕಾರಿನಲ್ಲೇ ಕೂತು ರೇಡಿಯೋದಲ್ಲಿ ಹಾಡು ಕೇಳುತ್ತಾ ನೋಡುತ್ತಾರೆ. ಆದರೆ ಒಂದು ಪೆಟ್ಟಿಗೆಗೆ ಇರುವುದು ಹದಿನಾರೇ ಪ್ಲಗ್ಗು. ಗ್ಯಾರೇಜು, ಮಾಡು, ಎರಡು ಮೇಪಲ್ ಮರ, ಅಷ್ಟಕ್ಕೇ ಮುಗಿದುಹೋಗುತ್ತಿತ್ತು.

"ನಿನ್ನ ಗ್ಯಾರೇಜು ಕುಣಿಯತ್ತೆ, ನನ್ನ ಅಡುಗೆಮನೆ ಕಿಟಕಿ ಹೆಣ ಇಟ್ಟ ಮನೆ ಥರ ಕತ್ತಲು," ಎಂದಳು ಹೆಂಡತಿ ಅರ್ಲಿಸ್. "ಜನ ನಿನ್ನ ಹೆಂಡ್ತಿ ಸತ್ತೋಗಿದಾಳೆ ಅಂದ್ಕೊಂಡಿದಾರೆ. ಹೋದ್ವರ್ಷ ಒಬ್ಳು ಪಾಪ ಅಂತ ನಿಂಗೆ ಕೇಕ್ ತಂದ್ಕೊಡ್ಲಿಲ್ವಾ?"

"ಕೇಕ್ ಚೆನ್ನಾಗಿತ್ತು."

"ಈ ಸಲ ನನ್ನ ಕಡೆ ದೀಪ ಹತ್ತಲಿಲ್ಲಾಂದ್ರೆ ಆ ಕೇಕೇ ತಿಂದ್ಕೊಂಡು ಬದುಕು."

ಓರಿನ್ ಎರಡನೇ ಪೆಟ್ಟಿಗೆ ತಂದ. ಕಿಟಕಿಯ ಸುತ್ತ ಅರ್ಲಿಸಳ ಅಮ್ಮನ ಕಾಲದ ದಪ್ಪ ಬಲ್ಬುಗಳನ್ನು ಕಟ್ಟಿ, ಮೊದಲ ಪೆಟ್ಟಿಗೆಯಿಂದ ಒಂದು ತಂತಿ ಎಳೆದು ಸ್ವಿಚ್ ಹಾಕಿದ. ಗ್ಯಾರೇಜು ಏನು ಮಾಡಿದರೆ ಅಡುಗೆಮನೆಯೂ ಅದನ್ನೇ ಮಾಡುತ್ತಿತ್ತು, ಅದಕ್ಕೆಂದು ಹೊಂದಿಸಿದ್ದ ಬೇರೆ ಕುಣಿತ ಬರಲೇ ಇಲ್ಲ. ಪಕ್ಕದ ಮನೆಯ ಹಾರ್ಲನ್ ಕಾಫಿ ಲೋಟ ಹಿಡಿದು ನಗುತ್ತಾ ನಿಂತಿದ್ದ.

"ಅವಳಿ ಮಕ್ಕಳಿಗೆ ಒಂದೇ ಹೆಸರಿಟ್ಟು ಕೂಗಿದ್ರೆ ಇಬ್ರೂ ಓಡಿ ಬರ್ತಾರಪ್ಪ. ಹೊಸ ಪೆಟ್ಟಿಗೆಗೆ ಎರಡು ಅಂತ ನಂಬರ್ ಕೊಡಬೇಕು. ಜೊತೇಲಿ ಪುಸ್ತಕ ಬಂದಿರತ್ತಲ್ಲೋ, ಓದೋದು ತಾನೇ?"

"ಓದೋಕೆ ಕೂರಬೇಕಲ್ಲೋ."

ನಂಬರ್ ಕೊಟ್ಟಾಯಿತು. ಗ್ಯಾರೇಜು ಒಂದು ಸಾಲು ಹಾಡಿದರೆ ಕಿಟಕಿ ಮರುಸಾಲು ಹಾಡತೊಡಗಿತು. ಆಮೇಲೆ ಎಲ್ಲವೂ ಒಟ್ಟಿಗೆ ಹತ್ತಿದ್ದೇ ತಡ, ಅಡುಗೆಮನೆ ಕಡೆಯ ಕರೆಂಟೇ ಹಾರಿಹೋಯಿತು. ಆ ಲೈನಿನಲ್ಲೇ ನೆಲಮಾಳಿಗೆಯ ದೊಡ್ಡ ಫ್ರೀಜರ್ ಇತ್ತು. ಎರಡನ್ನೂ ಹೊರುವ ಶಕ್ತಿ ಆ ಲೈನಿಗಿರಲಿಲ್ಲ. ಹೊಸ ಲೈನು ಎಳೆಯುವವನು ಹಬ್ಬ ಕಳೆದ ಮೇಲೇ ಬರುತ್ತೇನೆ ಎಂದ.

ಫ್ರೀಜರಿನಲ್ಲಿದ್ದದ್ದು ಅರ್ಲಿಸ್ ಹೊಡೆದ ಜಿಂಕೆ. ಬೇಟೆಗೆ ಮರದ ಅಟ್ಟಣೆಯಲ್ಲಿ ಉಸಿರು ಬಿಗಿಹಿಡಿದು ಕೂರಬೇಕು. ಓರಿನ್ ಹತ್ತುತ್ತಾ ಇಳಿಯುತ್ತಾ ಇಡೀ ಕಾಡಿಗೇ ತನ್ನ ಬರವು ಸಾರಿದ್ದ. ಭಾನುವಾರ ಚರ್ಚಿನ ಊಟಕ್ಕೆ ಆ ಮಾಂಸದ್ದೇ ಬೀನ್ಸ್ ಸಾರು. ನಮ್ಮ ಕಡೆ ಅದಕ್ಕೆ ಖಾರದ ಸಾರು ಅನ್ನುತ್ತಾರೆ, ಖಾರ ಹೆಸರಿಗಷ್ಟೇ.

ಗುರುವಾರ ಬೆಳಿಗ್ಗೆ ಓರಿನ್ ಕಳ್ಳನ ಹಾಗೆ ಕೆಳಗಿಳಿದು ಫ್ರೀಜರಿನ ಪ್ಲಗ್ ಕಿತ್ತ. ದೀಪಕ್ಕೆ ಮುಹೂರ್ತ ಶನಿವಾರ ಸಂಜೆ, ಅದಕ್ಕೆ ಮೊದಲು ತಾಳ ಹೊಂದಿಸಿ ನೋಡುವಾಗಲೂ ಕರೆಂಟು ಹಾರಬಾರದಲ್ಲ. ಮುಚ್ಚಳ ತೆಗೆಯದಿದ್ದರೆ ಅಲ್ಲಿಯವರೆಗೂ ತಂಪು ಉಳಿದೀತು ಎಂಬ ಲೆಕ್ಕ. ತೆಗೆದರೆ ತಂಪು ಹೋಗುತ್ತದೆ, ತೆಗೆಯದಿದ್ದರೆ ಜೀವ ಹೋಗುತ್ತದೆ. ಕೆಳಗೆ ಹೋಗುವುದು, ಮುಚ್ಚಳಕ್ಕೆ ಕಿವಿಯಿಡುವುದು, ಮೇಲೆ ಬರುವುದು. ಮೇಲೆ ಬಂದರೆ ಮತ್ತೆ ಕೆಳಗೆ. ಮೆಟ್ಟಿಲು ಸವೆದು ನೆಲಮಾಳಿಗೆ ಇನ್ನಷ್ಟು ಆಳಕ್ಕಿಳಿಯಿತೆಂದು ಹಾರ್ಲನ್ ಇವತ್ತಿಗೂ ಹೇಳುತ್ತಾನೆ.

"ಏನದು ಓಡಾಟ?" ಶುಕ್ರವಾರ ಅರ್ಲಿಸ್ ಕೇಳಿದಳು.

"ಇಲಿ."

"ಎಷ್ಟಿವೆ?"

"ಒಂದೇ. ಆದ್ರೆ ಬಹಳ ಓಡಾಡತ್ತೆ."

"ಮೇಲೂ ಒಂದು ಹಂಗೇ ಇದೆ," ಎಂದು ಅವಳು ಈರುಳ್ಳಿ ಹೆಚ್ಚತೊಡಗಿದಳು. ಓರಿನ್ ಆ ಈರುಳ್ಳಿ ನೋಡಿ ಮತ್ತೆ ಕೆಳಗಿಳಿದ. ಭಾನುವಾರದ ಸಾರಿಗೆ ಈರುಳ್ಳಿಯೊಂದೇ ಗತಿಯಾದರೆ?

ಶನಿವಾರ ಕತ್ತಲಾಗುತ್ತಿದ್ದಂತೆ ರಸ್ತೆ ತುಂಬ ಕಾರು. ಹಾಡು ಶುರುವಾಯಿತು. ಗ್ಯಾರೇಜು ಬೆಳಗಿ ಆರಿತು. ಮರುಕ್ಷಣ ಅಡುಗೆಮನೆ ಕಿಟಕಿಯ ಸುತ್ತ ಅಮ್ಮನ ಕೆಂಪು ಹಸಿರು ಬಲ್ಬುಗಳು ಹತ್ತಿದವು. ಏಪ್ರನ್ನಿನ ಮೇಲೇ ಕೋಟು ಹಾಕಿಕೊಂಡು ಅರ್ಲಿಸ್ ರಸ್ತೆಬದಿಯಲ್ಲಿ ನಿಂತಿದ್ದಳು. ಬೈದಿದ್ದರೆ ಓರಿನ್ ತಡೆದುಕೊಳ್ಳುತ್ತಿದ್ದ, ಅವಳ ಮುಖದ ಮೇಲೆ ಆ ಕೆಂಪು ಹಸಿರು ಕುಣಿಯುವುದನ್ನು ನೋಡಿ ತಡೆಯಲಾಗಲಿಲ್ಲ.

"ಅರ್ಲಿಸ್, ನಿನ್ನ ಜಿಂಕೆ ಹೋಯ್ತು ಕಣೆ. ಗುರುವಾರದಿಂದ ಪ್ಲಗ್ ಕಿತ್ತಿಟ್ಟಿದೀನಿ."

ಅವಳು ಕಿಟಕಿಯಿಂದ ಕಣ್ಣು ಕೀಳಲಿಲ್ಲ. "ಎಲ್ಲೂ ಹೋಗಿಲ್ಲ. ಗುರುವಾರಾನೇ ಪ್ಲಗ್ ಕಿತ್ತಿರೋದು ನೋಡಿ, ತಗೊಂಡ್ಹೋಗಿ ಪಿಕಪ್ಪಿನ ಹಿಂದೆ ಡಬ್ಬದಲ್ಲಿಟ್ಟು ಹಿಮ ತುಂಬಿದೀನಿ. ಈ ಚಳೀಲಿ ನಿನ್ನ ಫ್ರೀಜರ್ ಯಾರಿಗ್ಬೇಕು?"

"ಹಂಗಾದ್ರೆ ನಾನು ಕಿವಿ ಇಟ್ಟಿದ್ದು?"

"ಖಾಲಿ ಪೆಟ್ಟಿಗೆಗೆ."

"ಗೊತ್ತಿದ್ರೆ ಪ್ಲಗ್ ವಾಪಸ್ ಚುಚ್ಚಿ ಬೈಬಹುದಿತ್ತಲ್ಲೇ!"

"ಚುಚ್ಚಿದ್ರೆ ಇದು ಆರಿಹೋಗ್ತಿತ್ತಲ್ಲೋ," ಎಂದಳು, ಗಲ್ಲದಿಂದ ಕಿಟಕಿಯ ಕಡೆ ತೋರಿಸುತ್ತಾ.

ಅಷ್ಟರಲ್ಲಿ ಒಂದು ಕಾರಿನ ಗಾಜು ಇಳಿಯಿತು. ಹೋದ ವರ್ಷದ ಅದೇ ಹೆಂಗಸು, ಕೈಯಲ್ಲಿ ಅಂಥದೇ ಕೇಕು. ಅರ್ಲಿಸಳನ್ನು ನೋಡಿ ಮುಖ ಅರಳಿಸಿ ಓರಿನ್ ಕಡೆ ತಿರುಗಿದಳು. "ಅಯ್ಯೋ, ಒಳ್ಳೇದಾಯ್ತು ಬಿಡಿ. ಮತ್ತೆ ಮದುವೆ ಆದ್ರಾ?"

"ಹೂಂ," ಎಂದು ಅರ್ಲಿಸ್ ಕೇಕು ಇಸಿದುಕೊಂಡಳು. "ಮೊದಲನೆಯವಳಿಗಿಂತ ನಾನೇ ಒಳ್ಳೆಯವಳಂತೆ."

ಓರಿನ್ ಪಿಕಪ್ಪಿನ ಹಿಂಬದಿಯಲ್ಲಿ, ಜಿಂಕೆಯ ಡಬ್ಬದ ಮೇಲೆ ಕೂತ. ಒಂದು ಹಾಡು ಪೂರ್ತಿ ಕೂತಿದ್ದ. ಎರಡನೆಯದು ಅರ್ಧವಾಗುವಷ್ಟರಲ್ಲಿ ಕಿಟಕಿಯ ಮೂಲೆಯಲ್ಲೊಂದು ಹಸಿರು ಬಲ್ಬು ಮಿಣಮಿಣ ಅಂದ ಹಾಗಾಗಿ, ಏಣಿ ತರಲು ಎದ್ದ.